ಹೊತ್ತುಗೊತ್ತಿಲ್ಲದ ಮಾತು

ಥಾಣೆಯಿಂದ ಡೊಂಬಿವಲಿಗೆ ಲೋಕಲ್ ಗಾಡಿಯಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಟೆಲಿಫೋನಿನ ಲೆಕ್ಕದಲ್ಲಿ ಮಾತ್ರ ಅವೆರಡೂ ಬೇರೆ ಬೇರೆ ಸೀಮೆ. ಥಾಣೆ, ನವಿಮುಂಬಯಿಗಳದು ಮುಂಬಯಿಯದೇ ಕೋಡು, 022. ಡೊಂಬಿವಲಿ ಮತ್ತು ಕಲ್ಯಾಣ್‌ಗೆ 0251. 1986ರ ಏಪ್ರಿಲ್‌ನಲ್ಲಿ ಮುಂಬಯಿ, ದೆಹಲಿಗಳಿಗೆಂದೇ ಎಂಟಿಎನ್‌ಎಲ್ ಶುರುವಾದಾಗ ಕಲ್ಯಾಣ್, ಡೊಂಬಿವಲಿಗಳು ಅದರ ಗಡಿಯಿಂದ ಹೊರಗೇ ಉಳಿದವು. ಫೋರ್ಟಿನ ಆಫೀಸಿನಿಂದ ಮನೆಗೆ ‘ಇವತ್ತು ಹೊತ್ತಾಗುತ್ತೆ, ಊಟಕ್ಕೆ ಕಾಯಬೇಡ’ ಎಂದು ಹೇಳಲೂ ಡೊಂಬಿವಲಿಯ ಗುಮಾಸ್ತ ಪರವೂರಿಗೆ ಕರೆ ಮಾಡುವವನ ಹಾಗೆ ಕೋಡು ಒತ್ತಬೇಕಿತ್ತು. ಆಮೇಲೆ ಕೆಲವು ವರ್ಷ ಮುಂದೆ 95 ಸೇರಿಸುವ ಪದ್ಧತಿ ಬಂತು. 95251 ಎಂಬ ಅಂಕಿಗಳು ಈಗ ನಲವತ್ತು ದಾಟಿದ ಡೊಂಬಿವಲಿಯವರಿಗೆ ಬಾಯಿಪಾಠ.

ತಮಾಷೆ ಇರುವುದು ಮುಂದೆ. ಮೊಬೈಲ್ ಪರವಾನಗಿಗೆಂದು ದೇಶವನ್ನು ವಲಯಗಳಾಗಿ ಹಂಚಿದಾಗ ಸರ್ಕಾರ ಮುಂಬಯಿ ವಲಯದೊಳಗೆ ನವಿಮುಂಬಯಿಯನ್ನೂ ಕಲ್ಯಾಣ್ ಎಕ್ಸ್‌ಚೇಂಜಿನ ಸೀಮೆಯನ್ನೂ ಸೇರಿಸಿಬಿಟ್ಟಿತು. ಮೇಜಿನ ಮೇಲಿನ ಫೋನು ಹೊರಗಿಟ್ಟವರನ್ನು ಜೇಬಿನ ಫೋನು ಒಳಗೆ ಕರೆದುಕೊಂಡಿತು. ಯಾರು ಹತ್ತಿರದವರು, ಯಾರು ದೂರದವರು ಎಂಬುದನ್ನು ಭೂಗೋಳಕ್ಕಿಂತ ಹೆಚ್ಚಾಗಿ ಇಂಥ ಸರ್ಕಾರಿ ಕಡತಗಳೇ ತೀರ್ಮಾನಿಸಿದ ಪ್ರದೇಶ ಇದು.

ತಂತ್ರಜ್ಞಾನ ಮನುಷ್ಯರನ್ನು ಹತ್ತಿರ ತಂದಿತೇ, ದೂರ ಮಾಡಿತೇ ಎಂಬ ಚರ್ಚಾಸ್ಪರ್ಧೆಯ ಪ್ರಶ್ನೆ ಇಲ್ಲಿ ನಡೆಯುವುದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಕನ್ನಡಿಗನಿಗೆ ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ, ಊರು ಮತ್ತೊಂದೇ ಕಡೆ. ಹಳಿಯೋ ತಂತಿಯೋ ಟವರೋ ನಡುವೆ ನಿಲ್ಲದಿದ್ದರೆ ಸಂಸಾರವೇ ಸಾಗದು. ಹಾಗಾಗಿ ಕೇಳಬೇಕಾದದ್ದು ಬೇರೆ. ಯಾವ ಯಂತ್ರ ಒಂದು ಹೊತ್ತನ್ನು ಗೊತ್ತು ಮಾಡಿ ಜನರನ್ನು ಕೂಡಿಸಿತು, ಯಾವುದು ಹೊತ್ತಿನ ಹಂಗನ್ನೇ ತೆಗೆದುಹಾಕಿತು? ನನಗೆ ಕಂಡಂತೆ ಇಲ್ಲಿನ ನಂಟುಗಳ ಕಥೆಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಮೊದಲ ಯಂತ್ರ ರೈಲು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟು ಹದಿನಾಲ್ಕು ಡಬ್ಬಿಗಳಲ್ಲಿ ಸುಮಾರು ನಾನೂರು ಅತಿಥಿಗಳನ್ನು ಕೂರಿಸಿಕೊಂಡು ದೇಶದ ಮೊದಲ ಪ್ರಯಾಣಿಕರ ಗಾಡಿ ಬಂದು ನಿಂತದ್ದು ಥಾಣೆಯಲ್ಲಿ. 34 ಕಿಲೋಮೀಟರ್ ಎಳೆದ ಎಂಜಿನ್‌ಗಳು ಮೂರು: ಸಾಹಿಬ್, ಸಿಂಧ್, ಸುಲ್ತಾನ್. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. 1925ರಲ್ಲಿ ಮುಂಬಯಿಯಲ್ಲಿ ವಿದ್ಯುತ್ ಗಾಡಿ ಓಡತೊಡಗಿತು. ಈ ಚರಿತ್ರೆಯನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಏನೆಂದರೆ, ಲೋಕಲ್ ಗಾಡಿ ಇಲ್ಲಿನ ಜನಕ್ಕೆ ವೇಗಕ್ಕಿಂತ ಮುಖ್ಯವಾಗಿ ನಿಮಿಷವನ್ನು ಕೊಟ್ಟಿತು. ಊರಲ್ಲಿ ಗಂಟೆಯ ಲೆಕ್ಕದಲ್ಲೂ ಬದುಕದಿದ್ದ ಮನುಷ್ಯ ಇಲ್ಲಿ ಬಂದು 7:49 ಮತ್ತು 7:53ರ ನಡುವಿನ ವ್ಯತ್ಯಾಸವನ್ನು ಮೈಯಲ್ಲಿ ಬರೆದುಕೊಂಡ.

ಆ ನಿಮಿಷವೇ ಇಲ್ಲಿ ಕಟ್ಟೆ, ಜಗಲಿ, ಓಣಿ ಎಲ್ಲವೂ ಆಯಿತು. ಒಂದೇ ಗಾಡಿಯ ಒಂದೇ ಡಬ್ಬಿಯ ಒಂದೇ ಬಾಗಿಲಿನ ಬಳಿ ಇಪ್ಪತ್ತು ವರ್ಷ ನಿಂತವರಿಗೆ ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮಗಳ ಮದುವೆ ಎಲ್ಲಿಗೆ ಬಂತು, ಸಕ್ಕರೆ ಕಾಯಿಲೆ ಎಷ್ಟಕ್ಕೆ ಏರಿತು ಎಂಬುದು ಗೊತ್ತಿರುತ್ತದೆ. ‘ಅವರು ನಮ್ಮ ಏಳು ನಲವತ್ತೊಂಬತ್ತರವರು’ ಎಂದರೆ ಅದು ಗೋತ್ರ ಹೇಳಿದ ಹಾಗೆ. ಮಹಿಳೆಯರ ಡಬ್ಬಿಯಲ್ಲಿ ಬೆಳ್ಳುಳ್ಳಿ ಸುಲಿಯುವುದು, ಬೀನ್ಸ್ ಮುರಿಯುವುದು, ಸಂಕ್ರಾಂತಿಯ ಹೊತ್ತಿಗೆ ಅರಸಿನ ಕುಂಕುಮ, ನವರಾತ್ರಿಯಲ್ಲಿ ದಿನಕ್ಕೊಂದು ಬಣ್ಣದ ಸೀರೆ. ಗಂಡಸರ ಡಬ್ಬಿಯಲ್ಲಿ ತಾಳ ಹಿಡಿದ ಭಜನಾ ಮಂಡಳಿ, ಮಂಡಿಗಳ ಮೇಲೆ ಸೂಟ್‌ಕೇಸ್ ಅಡ್ಡವಿಟ್ಟು ಇಸ್ಪೀಟು. ದಸರೆಯ ಮುಂಚಿನ ಕೆಲಸದ ದಿನ ಗಾಡಿಗೇ ಚೆಂಡು ಹೂವಿನ ಹಾರ, ಆರತಿ. ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವರಿಗೆ ಜರುಗಿ ಕೊಡುವ ‘ಚೌಥಿ ಸೀಟ್’ ಯಾವ ರೈಲ್ವೆ ಕಾನೂನಿನಲ್ಲೂ ಇಲ್ಲ. ಆದರೂ ಅದನ್ನು ಕೇಳಿದವರಿಗೆ ಇಲ್ಲ ಎಂದವರನ್ನು ಡಬ್ಬಿ ಸುಮ್ಮನೆ ಬಿಡುವುದಿಲ್ಲ. ಈ ಗಾಡಿಗಳ ನೂಕುನುಗ್ಗಲಿನಲ್ಲಿ ಬಿದ್ದು ಸತ್ತವರ ಲೆಕ್ಕ ಬೇರೆಯೇ ಇದೆ, ಅದನ್ನು ಮರೆತು ಲೋಕಲ್ ಗಾಡಿಯ ಮೇಲೆ ಕವಿತೆ ಕಟ್ಟಬಾರದು. ಆದರೆ ಅಷ್ಟು ಕ್ರೂರವಾದ ಯಂತ್ರದೊಳಗೆ ಅಷ್ಟು ಸ್ನೇಹ ಬೆಳೆದದ್ದೂ ನಿಜ. ಎಲ್ಲರೂ ಒಂದೇ ಹೊತ್ತಿಗೆ ಅಲ್ಲಿರಲೇಬೇಕಿತ್ತು, ಅದೇ ಕಾರಣ.

ಊರಿನ ಜೊತೆಗಿನ ನಂಟಿಗೆ ಇಂಥ ಅನುಕೂಲ ಇರಲಿಲ್ಲ. ಕರಾವಳಿಯಿಂದ ಬಂದು ಹೋಟೆಲು ಸೇರಿದ ಹುಡುಗನ ಕಾಗದ ಊರು ಮುಟ್ಟಲು ವಾರ, ಉತ್ತರ ಬರಲು ಇನ್ನೊಂದು ವಾರ. ಆ ಕಾಗದಕ್ಕಿಂತಲೂ ನನಗೆ ಹೆಚ್ಚು ಮನುಷ್ಯತ್ವದ್ದಾಗಿ ಕಾಣುವುದು ಮನಿಯಾರ್ಡರ್. 1880ರಲ್ಲಿ ನಮ್ಮ ಅಂಚೆ ಇಲಾಖೆಗೆ ಬಂದ ವ್ಯವಸ್ಥೆ ಅದು. ಫಾರಂನ ಕೆಳತುದಿಯಲ್ಲಿ ಎರಡು ಬೆರಳಗಲದ ಒಂದು ಜಾಗ ಇರುತ್ತಿತ್ತು, ಹಣದ ಜೊತೆಗೆ ಸುದ್ದಿ ಬರೆಯಲು. ‘ಇಲ್ಲಿ ಎಲ್ಲರೂ ಕ್ಷೇಮ. ಐವತ್ತು ರೂಪಾಯಿ ಕಳಿಸಿದ್ದೇನೆ. ಅಣ್ಣನ ಫೀಸು ಕಟ್ಟಿ. ದನ ಕರು ಹಾಕಿತೇ?’ ಇಷ್ಟರಲ್ಲೇ ಮುಗಿಯಬೇಕು. ಅಂಚೆಯವನು ಹಣ ಎಣಿಸಿ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು, ಆ ಚೀಟಿ ಹರಿದು ಅಮ್ಮನ ಕೈಗಿಡುತ್ತಿದ್ದ. ಓದಲು ಬಾರದಿದ್ದರೆ ಅಂಗಳದಲ್ಲೇ ನಿಂತು ಜೋರಾಗಿ ಓದುತ್ತಿದ್ದ. ಬೇಲಿಯಾಚೆಯ ಮನೆಗೂ ಕೇಳುತ್ತಿತ್ತು. ಗುಟ್ಟೆಂಬುದು ಇರಲಿಲ್ಲ, ಆದರೆ ಮಗ ನೆನಪಿಟ್ಟಿದ್ದಾನೆ ಎಂಬುದಕ್ಕೆ ಇಡೀ ಕೇರಿ ಸಾಕ್ಷಿಯಾಗುತ್ತಿತ್ತು. ಕಾಗದದ ಆ ಹಳೆಯ ಮನಿಯಾರ್ಡರ್ 2015ರ ಹೊತ್ತಿಗೆ ನಿಂತುಹೋಯಿತು. ಇಂದು ಘನ್ಸೋಲಿಯಿಂದ ಕುಂದಾಪುರಕ್ಕೆ ಯುಪಿಐ ಹಣ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ. ಅಲ್ಲೂ ಸುದ್ದಿ ಬರೆಯಲು ಒಂದು ಜಾಗ ಇದೆ. ಯಾರೂ ಏನೂ ಬರೆಯುವುದಿಲ್ಲ. ಹಣ ಬಂತೆಂದು ಅಮ್ಮನ ಫೋನು ಟಿಂಗ್ ಎನ್ನುತ್ತದೆ, ಅಷ್ಟೆ.

ತಂತಿ ಬಂದರೆ ಎದೆ ಒಡೆಯುತ್ತಿತ್ತು. ‘ಮದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೆಟ್ಲಿ’ ಎಂಬ ನಾಲ್ಕು ಪದ ಓದಿದವನಿಗೆ ಬಸ್ಸು ಹತ್ತುವಾಗಲೇ ಅರ್ಧ ಸುದ್ದಿ ಗೊತ್ತಿರುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಾಗ ಪತ್ರಿಕೆಗಳು ಭಾವುಕವಾಗಿ ಬರೆದವು. ಪರವೂರಿನಲ್ಲಿ ದುಡಿದವರಾರೂ ಅತ್ತಿರಲಿಕ್ಕಿಲ್ಲ.

ಎಂಬತ್ತರ ದಶಕದ ಕೊನೆಗೆ ಹಳದಿ ಹಲಗೆಯ ಎಸ್‌ಟಿಡಿ ಬೂತುಗಳು ಬಂದವು. ಸ್ಯಾಮ್ ಪಿತ್ರೋಡಾ ಅವರ ನೇತೃತ್ವದಲ್ಲಿ 1984ರಲ್ಲಿ ಹುಟ್ಟಿದ ಸಿ-ಡಾಟ್ ತಯಾರಿಸಿದ ಸ್ವದೇಶಿ ಎಕ್ಸ್‌ಚೇಂಜುಗಳು ಹಳ್ಳಿಗಳಿಗೆ ಫೋನು ತಲುಪಿಸಿದ್ದರಿಂದ ಈ ಕಡೆ ಬೂತಿಗೆ, ಆ ಕಡೆ ಊರಿನ ಯಾವುದೋ ಒಂದು ಅಂಗಡಿಗೆ ಗಂಟು ಬಿತ್ತು. ಮನೆಮನೆಗೆ ಫೋನು ಇರಲಿಲ್ಲ. ಇದ್ದದ್ದು ಪಿ.ಪಿ. ನಂಬರ್. ದಿನಸಿ ಅಂಗಡಿಯದೋ ಪಟೇಲರ ಮನೆಯದೋ ನಂಬರಿಗೆ ಕರೆ ಮಾಡಿ, ‘ಸ್ವಲ್ಪ ನಮ್ಮ ಅಮ್ಮನನ್ನು ಕರೆಯುತ್ತೀರಾ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡುತ್ತೇನೆ’ ಎನ್ನಬೇಕು. ಆ ಹತ್ತು ನಿಮಿಷದಲ್ಲಿ ಅಂಗಡಿಯ ಹುಡುಗ ಗದ್ದೆಯ ಬದುವಿನ ಮೇಲೆ ಓಡುತ್ತಿದ್ದ, ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬರುತ್ತಿದ್ದಳು. ರಾತ್ರಿ ಹೊತ್ತಾದಂತೆ ದರ ಇಳಿಯುತ್ತಿದ್ದುದರಿಂದ ಡೊಂಬಿವಲಿ ಸ್ಟೇಷನ್ನಿನ ಎದುರಿನ ಬೂತುಗಳಲ್ಲಿ ಊಟ ಮುಗಿದ ಮೇಲೆ ಸಾಲು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿಗಳ ಮೀಟರ್ ಓಡುತ್ತಿದ್ದರೆ ಮಾತು ತಾನಾಗಿ ಸೋಸಿಕೊಂಡು ಬರುತ್ತಿತ್ತು. ಹೊರಗೆ ನಿಂತವರು ಗಾಜು ತಟ್ಟುವ ಮೊದಲು ಮುಖ್ಯವಾದದ್ದು ಮುಗಿಯಬೇಕು. ಕೊನೆಯ ಅರ್ಧ ನಿಮಿಷ ಮಾತ್ರ ಏನೂ ಮಾತಾಡದೆ ಇರಲಿಕ್ಕೆ.

ಈಗ ಆ ಕಷ್ಟವನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಅಪ್ಪ ಸತ್ತ ಸುದ್ದಿ ಸುಟ್ಟ ಮೇಲೆ ತಿಳಿದವರು, ಹೆರಿಗೆಗೆ ಹೋದ ಹೆಂಡತಿಯ ದನಿಯನ್ನೇ ಕೇಳದೆ ತಿಂಗಳುಗಟ್ಟಲೆ ಕಳೆದವರು ಆ ಕಾಲ ಮತ್ತೆ ಬರಲಿ ಎನ್ನುವುದಿಲ್ಲ. ಹೇಳುವುದಿಷ್ಟೆ: ಭಾನುವಾರ ರಾತ್ರಿ ಒಂಬತ್ತೂವರೆಗೆ ಎಂದು ಗೊತ್ತಾಗಿದ್ದರೆ ಎರಡೂ ತುದಿಯಲ್ಲಿ ಜನ ಆ ಹೊತ್ತಿಗೆ ಬಂದು ನಿಲ್ಲುತ್ತಿದ್ದರು. ಬೇರೆ ಕೆಲಸ ಇಟ್ಟುಕೊಳ್ಳುತ್ತಿರಲಿಲ್ಲ.

1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆಯಿತು. ಜಾರ್ಜ್ ಫರ್ನಾಂಡಿಸ್ ಹಟ ಹಿಡಿದು ಮಂಜೂರು ಮಾಡಿಸಿದ್ದು, ಇ. ಶ್ರೀಧರನ್ ಕಟ್ಟಿ ನಿಲ್ಲಿಸಿದ್ದು. ಅಲ್ಲಿಯವರೆಗೆ ಮಂಗಳೂರಿನ ಕಡೆಯವರಿಗೆ ಮುಂಬಯಿ ಎಂದರೆ ಹಿಂದೊಮ್ಮೆ ಹಡಗು, ಆಮೇಲೆ ಘಾಟಿ ಹತ್ತಿಳಿಯುವ ಬಸ್ಸು. ಬಸ್ಸಿನ ಡ್ರೈವರೇ ಅಂಚೆಯಣ್ಣ. ಹಲಸಿನ ಹಪ್ಪಳ, ಮಾವಿನ ಮಿಡಿ, ಮದುವೆ ಕಾಗದ ಎಲ್ಲವೂ ಅವನ ಸೀಟಿನ ಹಿಂದೆ. ಅದೇ ವರ್ಷ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಓಡತೊಡಗಿ ಥಾಣೆ, ಪನ್ವೇಲ್ ಸ್ಟೇಷನ್ನುಗಳು ಕರಾವಳಿಯ ಹೆಬ್ಬಾಗಿಲಾದವು. ಕಲ್ಯಾಣ್ ಜಂಕ್ಷನ್ ಮಾತ್ರ ಮೊದಲಿಂದಲೂ ಇನ್ನೊಂದು ಕರ್ನಾಟಕದ ಬಾಗಿಲು. ಉದ್ಯಾನ್ ಎಕ್ಸ್‌ಪ್ರೆಸ್ಸು ಸೊಲ್ಲಾಪುರ, ಕಲಬುರಗಿ, ರಾಯಚೂರು ಹಾದು ಹೋಗುವುದು ಇಲ್ಲಿಂದಲೇ. ಒಂದೇ ಜಿಲ್ಲೆಯ ಎರಡು ಸ್ಟೇಷನ್ನುಗಳಲ್ಲಿ ಎರಡು ಕನ್ನಡ ಕೇಳಿಸುವುದು ಹಳಿಗಳ ಕೃಪೆ. ಥಾಣೆಯ ಪ್ಲಾಟ್‌ಫಾರಂನಲ್ಲಿ ತುಳು ಬೆರೆತದ್ದು, ಕಲ್ಯಾಣ್‌ನಲ್ಲಿ ಕಲಬುರಗಿಯದು.

ಮೊಬೈಲು 1995ರಲ್ಲೇ ಬಂದರೂ ಹಲವು ವರ್ಷ ಅದು ಸಿರಿವಂತರ ಆಟಿಕೆ. ಬಂದ ಕರೆಗೂ ದುಡ್ಡು ತೆರಬೇಕಿತ್ತು. 2003ರ ಮೇ ತಿಂಗಳಲ್ಲಿ ಒಳಬರುವ ಕರೆ ಪುಕ್ಕಟೆಯಾದ ಮೇಲೆ ಅದು ಬಡವರ ಕೈಗೂ ಬಂತು, ಜೊತೆಗೆ ಮಿಸ್ಡ್ ಕಾಲ್ ಎಂಬ ನಮ್ಮದೇ ಭಾಷೆ ಹುಟ್ಟಿತು. ಒಂದು ರಿಂಗಿಗೆ ‘ಮನೆ ಮುಟ್ಟಿದೆ’, ಎರಡಕ್ಕೆ ‘ನೀನೇ ಮಾಡು’. ಕಂಪನಿಗಳಿಗೆ ಇದರಿಂದ ಕವಡೆಯೂ ಗಿಟ್ಟಲಿಲ್ಲ.

ನಿಜವಾಗಿ ಎಲ್ಲ ಬದಲಾದದ್ದು 2016ರಲ್ಲಿ, ಅದರ ಬಹುಪಾಲು ನಡೆದದ್ದು ಈ ನೆರೆಹೊರೆಯಲ್ಲೇ. ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ಯುಪಿಐ ಶುರು. ಸೆಪ್ಟೆಂಬರ್ 5ಕ್ಕೆ ಜಿಯೊ. ಅದರ ಕೇಂದ್ರ ಕಚೇರಿ ಇರುವುದು ನವಿಮುಂಬಯಿಯ ಘನ್ಸೋಲಿಯಲ್ಲಿ, ಥಾಣೆ–ವಾಶಿ ಲೋಕಲ್‌ನ ಕಿಟಕಿಯಿಂದ ನೋಡುವಷ್ಟು ಹತ್ತಿರ. ನವೆಂಬರ್ 8ರ ರಾತ್ರಿ ನೋಟು ರದ್ದಾಗಿ ಜನ ಬೇಕೋ ಬೇಡವೋ ಫೋನಿನಲ್ಲಿ ಹಣ ಕೊಡಲು ಕಲಿತರು. ಅದೇ ವರ್ಷ ನವಿಮುಂಬಯಿಯಲ್ಲಿ ವಿಕಾಶ್ ಜೈಸ್ವಾಲ್ ಎಂಬವರ ಸಣ್ಣ ಕಂಪನಿ ಲೂಡೊ ಕಿಂಗ್ ಎಂಬ ಆಟ ಬಿಟ್ಟಿತು. ನಾಲ್ಕೂ ಸೇರಿ ಒಂದು ವರ್ಷದಲ್ಲಿ ಡೊಂಬಿವಲಿಯ ಲೋಕಲ್‌ನ ಡಬ್ಬಿಯೊಳಗಿನ ನೋಟವೇ ಬೇರೆಯಾಯಿತು.

ಲೂಡೊ ಕಿಂಗ್ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಅದರಲ್ಲಿ ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುತ್ತಾ ನಾಲ್ವರು ಆಡುವ ಅನುಕೂಲ ಇದೆ, ಇಂಟರ್‌ನೆಟ್ಟೂ ಬೇಡ. ಹಾಗಾಗಿ ಸೂಟ್‌ಕೇಸಿನ ಮೇಲೆ ಇಸ್ಪೀಟು ಹಾಕುತ್ತಿದ್ದ ಜಾಗಕ್ಕೆ ಒಂದು ಫೋನು ಬಂತು, ತಲೆಗಳು ಮಾತ್ರ ಹಿಂದಿನಂತೆಯೇ ನಾಲ್ಕು ಸೇರಿ ಬಾಗಿದವು. ಕಾಯಿ ಹೊಡೆದಾಗ ಏಳುವ ಕೂಗೂ ಹಳೆಯದೇ. ಅದೇ ಡಬ್ಬಿಯಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿ ಧಾರಾವಾಹಿ ನೋಡುವವರು ಪಕ್ಕದವರ ಮೊಣಕೈ ತಗುಲಿದರೂ ತಲೆ ಎತ್ತುವುದಿಲ್ಲ. ಒಂದೇ ವರ್ಷ ಒಂದೇ ಬಗೆಯ ಫೋನು ಎರಡನ್ನೂ ತಂದಿತು. ಯಂತ್ರವನ್ನೇ ಬೈಯುವವರು ಈ ಎರಡು ಸೀಟುಗಳನ್ನು ಒಟ್ಟಿಗೆ ನೋಡಬೇಕು.

ಗಾಡಿಯ ಕಥೆಯಲ್ಲೂ ಹಾಗೆಯೇ. ಸಚಿನ್ ಟೇಕೆ 2010ರಲ್ಲಿ ಎಂ-ಇಂಡಿಕೇಟರ್ ಎಂಬ ಆ್ಯಪ್ ತಂದರು. ಮೊದಲು ಅದು ವೇಳಾಪಟ್ಟಿ. ಆಮೇಲೆ ಅದರೊಳಗೆ ಪ್ರಯಾಣಿಕರೇ ಬರೆಯುವ ಹರಟೆಕಟ್ಟೆ ಬಂತು. ಮಳೆಗಾಲದಲ್ಲಿ ರೈಲ್ವೆಯ ಧ್ವನಿವರ್ಧಕ ಬಾಯಿ ತೆರೆಯುವ ಮೊದಲೇ ‘ಕಲ್ವಾದಲ್ಲಿ ಸಿಗ್ನಲ್ ಕೆಟ್ಟಿದೆ’, ‘ದಿವಾ ದಾಟಿತು, ನಿಲ್ಲಿ’, ‘ಕುರ್ಲಾದಲ್ಲಿ ನೀರು’ ಎಂದು ಗುರುತು ಪರಿಚಯ ಇಲ್ಲದವರು ಗುರುತಿಲ್ಲದವರಿಗೆ ಹೇಳುತ್ತಾರೆ. ಪುಕ್ಕಟೆಯಾಗಿ, ನೂಕುನುಗ್ಗಲಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದು ಹೆಬ್ಬೆರಳಲ್ಲಿ ಟೈಪು ಮಾಡುತ್ತಾ. ‘ಚೌಥಿ ಸೀಟ್’ ಕೊಡುವ ಗುಣವೇ ಇದು, ಹೊಸ ವೇಷದಲ್ಲಿ. 2014ರಲ್ಲಿ ರೈಲ್ವೆಯವರು ತಂದ ಯುಟಿಎಸ್ ಟಿಕೆಟ್ ಆ್ಯಪ್‌ಗೆ ಈ ಗುಣ ಇರಲಿಲ್ಲ, ಅನುಮಾನದ ಗುಣ ಇತ್ತು. ಟಿಸಿ ಕಂಡೊಡನೆ ಟಿಕೆಟ್ ತೆಗೆಯುವ ಚಾಲಾಕಿ ನಡೆಯಬಾರದೆಂದು, ಸ್ಟೇಷನ್ನಿನೊಳಗೆ ಕಾಲಿಟ್ಟವರಿಗೆ ಅದು ಜಿಪಿಎಸ್ ನೋಡಿ ಟಿಕೆಟ್ ಕೊಡುತ್ತಿರಲಿಲ್ಲ. ಮುಂಬಯಿಯವರನ್ನು ಅರಿತವರೇ ಅದನ್ನು ಬರೆದಿರಬೇಕು.

ಈಗ ಅಜ್ಜಿ ಮೊಮ್ಮಗನ ವಿಷಯ. ಇಲ್ಲಿ ಹುಟ್ಟಿದ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುತ್ತಾರೆ, ಬೀದಿಯಲ್ಲಿ ಮರಾಠಿ, ಹಿಂದಿ. ಕನ್ನಡ ಲಿಪಿ ಓದಲು ಬರುವುದಿಲ್ಲ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಸಂಸ್ಥೆಗಳನ್ನು ಹಿರಿಯರು ಕಟ್ಟಿದ್ದರ ಹಿಂದೆ ಈ ಕಳವಳವೂ ಇತ್ತು. ಆದರೆ ಕಾಲದ ಒಲವು ಇಂಗ್ಲಿಷಿನ ಕಡೆ. ಊರಿನ ಅಜ್ಜಿಗೆ ಫೋನಿನಲ್ಲಿ ಬರೆಯಲು ಬಾರದು, ಥಾಣೆಯ ಮೊಮ್ಮಗನಿಗೆ ಅವಳು ಬರೆದರೂ ಓದಲಾಗದು. ಕಾಗದದ ಕಾಲವೇ ಮುಂದುವರಿದಿದ್ದರೆ ಈ ಇಬ್ಬರ ನಡುವೆ ಮಾತೇ ನಿಂತುಹೋಗುತ್ತಿತ್ತು. ಅದನ್ನು ಉಳಿಸಿದ್ದು ವಾಟ್ಸ್‌ಆ್ಯಪ್‌ನ ಆ ಸಣ್ಣ ಮೈಕಿನ ಗುರುತು. ಅಜ್ಜಿ ಅದನ್ನು ಒತ್ತಿ ಹಿಡಿದು, ಫೋನಿಗೆ ಕಿವಿ ಕೇಳದೇನೋ ಎಂಬಷ್ಟು ಜೋರಾಗಿ, ‘ಪುಟ್ಟಾ, ಊಟ ಆಯ್ತಾ? ಮಳೆ ಉಂಟಾ ಅಲ್ಲಿ?’ ಎನ್ನುತ್ತಾಳೆ. ಓದು ಬರಹ ಎರಡನ್ನೂ ಬದಿಗಿಟ್ಟು ದನಿ ಗೆದ್ದಿತು. ಕಳೆದ ಐವತ್ತು ವರ್ಷಗಳಲ್ಲಿ ಪರವೂರ ಕನ್ನಡಿಗರಿಗೆ ಸಿಕ್ಕ ಅತ್ಯಂತ ದೊಡ್ಡ ಉಪಕಾರ ಇದೇ ಎಂದು ನನ್ನ ಅನಿಸಿಕೆ.

ಲಿಪಿಯ ಮಟ್ಟಿಗೂ ಮುಂಬಯಿಗೆ ಒಂದು ಹೆಮ್ಮೆ ಇದೆ, ಇಲ್ಲಿನವರೇ ಅದನ್ನು ಮರೆತಿದ್ದಾರೆ. ಕನ್ನಡವನ್ನು ಉಲಿದಂತೆ ಬೆರಳಚ್ಚಿಸುವ ಕೀಲಿಮಣೆಯ ವಿನ್ಯಾಸ ರೂಪಿಸಿದ ಕೆ.ಪಿ. ರಾವ್, ಮಂಗಳೂರಿನ ಬಳಿಯ ಕಿನ್ನಿಕಂಬಳದವರು, ತಮ್ಮ ದುಡಿಮೆಯ ಮುಖ್ಯ ವರ್ಷಗಳನ್ನು ಕಳೆದದ್ದು ಮುಂಬಯಿಯಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಡಿ.ಡಿ. ಕೋಸಂಬಿ ಅವರೊಡನೆ ಕೆಲಸ ಮಾಡಿ, ಟಾಟಾ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆಯ ಲೋಕ ಹೊಕ್ಕವರು. ಇಂದು ‘ನುಡಿ’ ತಂತ್ರಾಂಶದಲ್ಲಿ ಬೆರಳಾಡಿಸುವ ಬೆಂಗಳೂರಿನ ಗುಮಾಸ್ತ ಅವರ ವಿನ್ಯಾಸದ ಮೇಲೆಯೇ ಬರೆಯುತ್ತಿದ್ದಾನೆ.

ಕೊರೊನಾ ಬಂದು 2020ರ ಮಾರ್ಚ್ 22ರ ರಾತ್ರಿ ಲೋಕಲ್ ನಿಂತಿತು. ಯುದ್ಧಕ್ಕೂ ಗಲಭೆಗೂ ಹೀಗೆ ತಿಂಗಳುಗಟ್ಟಲೆ ನಿಲ್ಲದಿದ್ದ ಗಾಡಿ ಅದು. ಜೂನ್ 15ರಿಂದ ಆಸ್ಪತ್ರೆ, ಪಾಲಿಕೆಗಳ ಸಿಬ್ಬಂದಿಯಂಥ ಅವಶ್ಯ ಸೇವೆಯವರಿಗೆ ಮಾತ್ರ ಬಾಗಿಲು ತೆರೆಯಿತು. ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರಿಗೆ 2021ರ ಆಗಸ್ಟ್ 15ರಿಂದ. ಆ ದಿನಗಳಲ್ಲಿ ಏಳು ನಲವತ್ತೊಂಬತ್ತರ ಗುಂಪುಗಳು ವಾಟ್ಸ್‌ಆ್ಯಪ್‌ನಲ್ಲಿ ಬದುಕಿದವು. ಗಾಡಿ ಇಲ್ಲದಿದ್ದರೂ ಗಾಡಿಯ ಹೊತ್ತಿಗೆ ಸರಿಯಾಗಿ ‘ಶುಭೋದಯ’ ಬಂದು ಬೀಳುತ್ತಿತ್ತು. ಯಾರಿಗೆ ಜ್ವರ, ಯಾರಿಗೆ ಆಮ್ಲಜನಕದ ಸಿಲಿಂಡರ್ ಬೇಕು, ಯಾರ ಸಂಬಳ ನಿಂತಿದೆ ಎಂಬುದು ಅಲ್ಲೇ ತಿಳಿದದ್ದು. ಸಂಘಗಳ ಉಪನ್ಯಾಸ, ಕವಿಗೋಷ್ಠಿಗಳು ಝೂಮ್‌ಗೆ ಹೋದವು. ಅವುಗಳ ಬಗ್ಗೆ ಹೆಚ್ಚು ಹೇಳಲಾರೆ. ‘ನಿಮ್ಮ ಧ್ವನಿ ಬರ್ತಾ ಇಲ್ಲ’ ಎಂಬುದೇ ಆ ಕಾಲದ ಕಾವ್ಯ.

ಯಕ್ಷಗಾನದ ಕಥೆ ಮಾತ್ರ ಹಾಗಲ್ಲ. ಮೇಳಗಳ ತಿರುಗಾಟ ಮಳೆಗಾಲ ಮುಗಿದು ಶುರುವಾದರೆ ಮುಂದಿನ ಮಳೆಗೆ ಮುಂಚಿನ ಪತ್ತನಾಜೆಗೆ ಮುಗಿಯುವುದು ವಾಡಿಕೆ. ಆ ವರ್ಷ ಮಾರ್ಚ್‌ನಲ್ಲೇ ಗೆಜ್ಜೆ ಬಿಚ್ಚಬೇಕಾಯಿತು. ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಮುಂಬಯಿಗೆ ಬಂದು ಆಟ, ತಾಳಮದ್ದಳೆ ನಡೆಸಿ ಹೋಗುವ ಹಳೆಯ ರೂಢಿಯೂ ತಪ್ಪಿತು. ಆಗ ಯೂಟ್ಯೂಬ್ ನೇರಪ್ರಸಾರ ಬಲವಾಯಿತು, ಮತ್ತೆ ಮೇಳಗಳು ಹೊರಟ ಮೇಲೂ ನಿಲ್ಲಲಿಲ್ಲ. ಗಮನಿಸಬೇಕಾದದ್ದು ಇಲ್ಲಿದೆ. ಅದೇ ಪ್ರಸಂಗದ ಧ್ವನಿಮುದ್ರಣ ಯಾವಾಗ ಬೇಕಾದರೂ ನೋಡಲು ಸಿಗುತ್ತದೆ. ಆದರೂ ಐರೋಲಿಯ ಹೋಟೆಲಿನ ಶೆಟ್ಟರು ಗಲ್ಲಾ ಮುಚ್ಚಿದ ಮೇಲೆ ನಿದ್ದೆಗೆಟ್ಟು ನೇರಪ್ರಸಾರವನ್ನೇ ನೋಡುತ್ತಾರೆ. ಊರಿನ ಗದ್ದೆಯಲ್ಲಿ ಅಣ್ಣ ಅದೇ ಹೊತ್ತಿಗೆ ಕುಳಿತು ಅದೇ ಭಾಗವತರ ಪದ ಕೇಳುತ್ತಿದ್ದಾನೆ, ದುಬೈಯಲ್ಲಿರುವ ಬಾವ ಪರದೆಯ ಕೆಳ ಅಂಚಿನಲ್ಲಿ ‘ಒಳ್ಳೇದಾಯ್ತು’ ಎಂದು ಬರೆಯುತ್ತಿದ್ದಾನೆ. ಬಣ್ಣದ ವೇಷ ರಂಗಕ್ಕೆ ಬರುವಾಗ ಮೂವರ ಮೈಯೂ ಒಂದೇ ಕ್ಷಣಕ್ಕೆ ಜುಮ್ಮೆನ್ನಬೇಕು. ಸಿಕ್ಕಾಗ ನೋಡಿದರೆ ಅದು ಆಗುವುದಿಲ್ಲ.

ಇಷ್ಟೆಲ್ಲ ಮಾತು, ಚಿತ್ರ, ಹಣ ಹರಿದು ಹೋಗುವ ದಾರಿಯ ಒಂದು ದೊಡ್ಡ ಗಂಟು ನಮ್ಮ ಕಣ್ಣೆದುರೇ ಇದೆ. ಥಾಣೆ–ಬೇಲಾಪುರ ರಸ್ತೆಯ ಐರೋಲಿ, ರಬಾಳೆ, ಮಹಾಪೆಗಳಲ್ಲಿ ಕಿಟಕಿಯೇ ಇಲ್ಲದ ದೈತ್ಯ ಕಟ್ಟಡಗಳು ಎದ್ದಿವೆ. ಪನ್ವೇಲ್ ಬಳಿ ಯೊಟ್ಟಾ ಕಂಪನಿಯದು 2020ರ ಜುಲೈಯಲ್ಲಿ ಶುರುವಾಯಿತು. ದತ್ತಾಂಶ ಕೇಂದ್ರಗಳು. ಒಳಗೆ ಸಾಲು ಸಾಲು ಸರ್ವರ್‌ಗಳು, ಅವನ್ನು ತಣ್ಣಗಿಡಲು ಹಗಲು ರಾತ್ರಿ ಓಡುವ ಯಂತ್ರಗಳು, ಕರೆಂಟು ಹೋದರೆ ತಟ್ಟನೆ ಎದ್ದು ನಿಲ್ಲುವ ಜನರೇಟರುಗಳು. ಸಮುದ್ರದಡಿಯ ಕೇಬಲ್‌ಗಳು ದಡ ಹತ್ತುವ ಮುಂಬಯಿ ಹತ್ತಿರ, ವಿದ್ಯುತ್ತೂ ಜಾಗವೂ ಸಿಗುವ ಕೈಗಾರಿಕಾ ಪ್ರದೇಶ, ಹಾಗಾಗಿ ಇಲ್ಲಿಗೇ ಬಂದವು. ಇದೇ ರಸ್ತೆಯಲ್ಲಿ ಹಿಂದೆ ರಾಸಾಯನಿಕ, ಎಂಜಿನಿಯರಿಂಗ್ ಕಾರ್ಖಾನೆಗಳಿದ್ದವು. ಪಾಳಿ ಬದಲಾಗುವ ಸೈರನ್ನಿಗೆ ಸಾವಿರಾರು ಜನ ಗೇಟಿನಿಂದ ಹೊರಬರುತ್ತಿದ್ದರು. ಕಾರ್ಖಾನೆಯ ಕ್ಯಾಂಟೀನು ಗುತ್ತಿಗೆ ಹಿಡಿದವರಲ್ಲಿ ನಮ್ಮ ಕರಾವಳಿಯವರು ಬಹಳ. ಈ ಹೊಸ ಕಟ್ಟಡಗಳಿಗೆ ಕ್ಯಾಂಟೀನು ನಡೆಸುವಷ್ಟು ಮನುಷ್ಯರೇ ಬೇಕಾಗಿಲ್ಲ. ಕೋಟಿ ಜನರ ಮಾತು ಹೊರುವ ಮನೆಯಲ್ಲಿ ಮಾತಾಡುವವರು ಕಡಿಮೆ.

ಹೊರಗೂ ಮೌನ ಬೆಳೆದಿದೆ. ಡೊಂಬಿವಲಿಯ ಚಾಳಿನ ಸಾಮಾನ್ಯ ಗ್ಯಾಲರಿಯಲ್ಲಿ ಬಾಗಿಲು ತೆರೆದೇ ಇರುತ್ತಿತ್ತು. ಥಾಣೆಯ ಘೋಡಬಂದರ್ ರಸ್ತೆಯ ಮೂವತ್ತನೇ ಮಹಡಿಯಲ್ಲಿ ಬಂದವರು ಯಾರೆಂದು ಆ್ಯಪ್ ಕೇಳುತ್ತದೆ, ಒಪ್ಪಿಗೆ ಒತ್ತಿದರೆ ಲಿಫ್ಟು ಬರುತ್ತದೆ. ಮಗ ಕೆನಡಾದಲ್ಲಿ, ಮಗಳು ಬೆಂಗಳೂರಲ್ಲಿ. ಯಾವಾಗ ಬೇಕಾದರೂ ಮಾತಾಡಬಹುದು ಎಂಬ ಕಾರಣಕ್ಕೇ ಇವತ್ತು ಬೇಡ, ನಾಳೆ ಮಾಡೋಣ ಎನ್ನುವುದು ಅಭ್ಯಾಸವಾಗಿದೆ. ಬೂತಿನ ಸಾಲಿನಲ್ಲಿ ನಿಂತು ಮಾತಾಡಿದ್ದ ತಲೆಮಾರು ಈಗ ನಿವೃತ್ತವಾಗಿ, ಕೈಯಲ್ಲಿ ದುಬಾರಿ ಫೋನು ಹಿಡಿದು, ಅದು ಹೊಡೆದುಕೊಳ್ಳುವುದನ್ನು ಕಾಯುತ್ತಿದೆ.

ಅದು ಹೊಡೆದುಕೊಳ್ಳುತ್ತದೆ ಕೂಡ. ಆ ಕಡೆ ಖಾಕಿ ತೊಟ್ಟವನೊಬ್ಬ, ಹಿಂದೆ ಪೊಲೀಸು ಠಾಣೆಯಂಥ ಗೋಡೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆ ಕಡಿಯಬೇಡಿ, ಯಾರಿಗೂ ಹೇಳಬೇಡಿ ಎನ್ನುತ್ತಾನೆ. ‘ಡಿಜಿಟಲ್ ಅರೆಸ್ಟ್’ ಎಂಬ ಈ ಮೋಸದ ಬಗ್ಗೆ ಪ್ರಧಾನಿಯೇ 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಎಚ್ಚರಿಸಿದರು. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಆದರೂ ಮೋಸಹೋಗುವವರಲ್ಲಿ ಓದಿದವರು, ಅಧಿಕಾರದಲ್ಲಿದ್ದವರು, ಲೆಕ್ಕಪತ್ರ ಬಲ್ಲವರು ಎಲ್ಲರೂ ಇದ್ದಾರೆ. ದುರಾಸೆಯಿಂದಲ್ಲ, ಹೆದರಿಕೆಯಿಂದ, ಮತ್ತು ಕೇಳಲು ಪಕ್ಕದಲ್ಲಿ ಇನ್ನೊಬ್ಬರು ಇಲ್ಲದ್ದರಿಂದ. ಕಹಿಯಾದರೂ ಹೇಳಲೇಬೇಕು: ಒಂಟಿ ಹಿರಿಯರೊಬ್ಬರ ಮುಖ ನೋಡುತ್ತಾ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕರೆಯಲ್ಲಿ ಉಳಿಯುವ ಪುರುಸೊತ್ತು ಇಂದು ಕಳ್ಳನಿಗೆ ಮಾತ್ರ ಇದೆ.

ಹೊತ್ತು ಗೊತ್ತು ಮಾಡಿ ಸೇರುವ ಆಸೆ ಇಲ್ಲಿನವರಲ್ಲಿ ಬತ್ತಿಲ್ಲ. ದೀಪಾವಳಿಯ ಬೆಳಗಿನ ಜಾವ ಡೊಂಬಿವಲಿಯ ಫಡಕೆ ರಸ್ತೆಗೆ ಹೋಗಿ ನೋಡಿ. ಫೋನಿನಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರು ಎಣ್ಣೆ ನೀರು ಹಾಕಿಕೊಂಡು, ಹೊಸ ಬಟ್ಟೆ ತೊಟ್ಟು, ಗಣೇಶ ದೇವಸ್ಥಾನದ ಎದುರಿಗೆ ಕಾಲಿಡಲು ಜಾಗ ಇಲ್ಲದಷ್ಟು ಸೇರುತ್ತಾರೆ. ಕೆಲಸ ಏನೂ ಇಲ್ಲ, ಹಳೆಯ ಗೆಳೆಯರ ಮುಖ ನೋಡುವುದೇ ಕೆಲಸ. ಅದೇ ಊರಿನಲ್ಲಿ ಪುಂಡಲೀಕ ಪೈ 1986ರಲ್ಲಿ ಕಟ್ಟಿದ ಫ್ರೆಂಡ್ಸ್ ಲೈಬ್ರರಿ ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಪುಸ್ತಕವನ್ನು ಮನೆಗೇ ತಲುಪಿಸುತ್ತದೆ. ಆದರೂ 2017ರಿಂದ ಪೈಯವರು ಓದಿದ ಪುಸ್ತಕ ಕೊಟ್ಟು ಬೇರೆ ಪುಸ್ತಕ ಒಯ್ಯುವ ಮೇಳ ನಡೆಸತೊಡಗಿದಾಗ ಜನ ಚೀಲ ಹೊತ್ತು ಬಂದು ಸಾಲಿನಲ್ಲಿ ನಿಂತರು.

ಆದ್ದರಿಂದ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಕನ್ನಡ, ತುಳು ಸಂಘಗಳಿಗೆ ಒಂದು ಕೇಳಿಕೆ. ನಿಮ್ಮಲ್ಲಿ ಸಭಾಗೃಹ ಇದೆ, ವಾರ್ಷಿಕೋತ್ಸವಕ್ಕೆ ಕುಣಿಯಲು ಬರುವ ಕಾಲೇಜು ಮಕ್ಕಳಿದ್ದಾರೆ, ಮುಂದಿನ ಸಾಲಿನಲ್ಲಿ ಕೂರುವ ಹಿರಿಯರಿದ್ದಾರೆ. ವಾರಕ್ಕೊಂದು ಸಂಜೆ, ದಿನ ಮತ್ತು ಗಂಟೆ ಗೊತ್ತು ಮಾಡಿ, ಈ ಇಬ್ಬರನ್ನು ಒಂದು ಮೇಜಿನ ಎದುರು ಬದುರು ಕೂರಿಸಿ. ಮಕ್ಕಳು ಯುಪಿಐ, ವಿಡಿಯೊ ಕರೆ, ಮೋಸದ ಕರೆಯ ಗುರುತುಗಳನ್ನು ಹೇಳಿಕೊಡಲಿ. ಹಿರಿಯರು ಅವರಿಗೆ ಕನ್ನಡದ ಅಕ್ಷರ ತಿದ್ದಿಸಲಿ. ಖರ್ಚು ಚಹಾದ್ದು ಮಾತ್ರ. ಮೊದಲ ವಾರದ ಪಾಠವಾಗಿ ಪ್ರತಿಯೊಬ್ಬ ಹಿರಿಯರ ಫೋನಿನಲ್ಲೂ ಸೈಬರ್ ವಂಚನೆಯ ಸಹಾಯವಾಣಿಯನ್ನು ಉಳಿಸಿ ಕೊಡಿ. ಹಣ ಹೋದ ಕೂಡಲೇ, ತಡ ಮಾಡದೆ ಕರೆಯಬೇಕಾದ ನಂಬರ್ 1930.